ಎರಡು ಬೈಟಿನ ಕೊಸರು

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಅಚ್ಚುಕಟ್ಟು ಎಂದರೆ ಪ್ರಾಣ. ಗೋಡೆಯ ಮೇಲಿನ ಕ್ಯಾಲೆಂಡರ್ ಕೂದಲೆಳೆಯಷ್ಟು ಓರೆಯಾಗಿದ್ದರೂ ನನಗೆ ಊಟ ಸೇರುವುದಿಲ್ಲ. ಆಂಡರ್ಸನ್‌ಪೇಟೆಯ ನನ್ನ ಪುಟ್ಟ ರಿಪೇರಿ ಅಂಗಡಿಯಲ್ಲಿ ಸ್ಕ್ರೂಗಳು ಕೂಡ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ. "ಮನುಷ್ಯ ಇಷ್ಟು ನೀಟಾಗಿರಬಾರದು ರೀ, ಒಂದಿನ ಇದೇ ನಿಮ್ಮನ್ನ ತಿನ್ನುತ್ತೆ" ಎಂದು ನನ್ನ ಹೆಂಡತಿ ಸರೋಜ ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ಇಪ್ಪತ್ತು ವರ್ಷ ಅದು ನನ್ನನ್ನು ತಿನ್ನದೆ ಸುಮ್ಮನಿತ್ತು. ಹಸಿವಾಗುವುದಕ್ಕೆ ಕಾಯುತ್ತಿತ್ತು ಅಂತ ಕಾಣುತ್ತದೆ.

ಸರೋಜಳ ತಾಯಿ, ಅಂದರೆ ನನ್ನ ಪೂಜ್ಯ ಅತ್ತೆ ಮುನಿಯಮ್ಮನವರು, ಬೇತಮಂಗಲದ ಹತ್ತಿರದ ತಮ್ಮ ಊರಿನ ಮಹಿಳಾ ಹಾಲಿನ ಸಂಘಕ್ಕೆ ಕಾರ್ಯದರ್ಶಿ. ಸಂಘದಲ್ಲಿ ಹಾಲಿನ ತೂಕ ಮತ್ತು ಫ್ಯಾಟು ತೋರಿಸುವ ಮಿಷನ್ನು ಹಳೆಯದಾಗಿ, ಎಮ್ಮೆ ಹಾಲಿಗೂ ನೀರಿಗೂ ಒಂದೇ ಲೆಕ್ಕ ಹೇಳತೊಡಗಿತ್ತು. ಹೊಸದು ತರಬೇಕೆಂದು ಸಭೆ ಸೇರಿತು. ಯಾವುದೋ ಕಂಪನಿಯವನು ಟೈ ಕಟ್ಟಿಕೊಂಡು ಬಂದು ತನ್ನ ಮಿಷನ್ನು ತೋರಿಸಿದ. ಸ್ವಿಚ್ ಹಾಕಿದರೆ ಮೊದಲು ಕಂಪನಿಯ ಹೆಸರು ಬಣ್ಣಬಣ್ಣವಾಗಿ ಬರುತ್ತಿತ್ತು. ಅದನ್ನು ನೋಡಿ ಹೆಂಗಸರೆಲ್ಲ ತಲೆದೂಗುತ್ತಿದ್ದಾಗ ನಮ್ಮತ್ತೆ ಎದ್ದು ನಿಂತರಂತೆ.

"ಅವ್ರ ಎಸ್ರು ನಾವ್ಯಾಕಮ್ಮಾ ದಿನಾ ನೋಡ್ಬೇಕು? ನಮ್ ಅಳಿಯಂದ್ರು ಮಾಡ್ಕೊಡ್ತಾರೆ. ಸ್ವಿಚ್ ಆಕಿದ್ರೆ ನಮ್ ಮುಖಾನೇ ಬರೋ ಅಂಗೆ ಮಾಡ್ತಾರೆ."

ಅಷ್ಟೇ. ಕಂಪನಿಯವನು ಟೈ ಸಡಿಲ ಮಾಡಿಕೊಂಡು ಹೋದ. ಕೆಲಸ ನನ್ನ ತಲೆಗೆ ಬಂತು. ಅತ್ತೆ ಒಂದು ಫೋಟೋ ಕಳಿಸಿದರು. ಸಂಘ ಕಟ್ಟಿದ ಹನ್ನೊಂದು ಹೆಂಗಸರು ಸಂಘದ ಬಾಗಿಲ ಮುಂದೆ ಸಾಲಾಗಿ ನಿಂತಿದ್ದ ಹಳೆಯ ಫೋಟೋ. ಎಡತುದಿಯಲ್ಲಿ ಗಂಗಮ್ಮ. ಮನೆಮನೆಗೆ ನಡೆದುಹೋಗಿ ಸದಸ್ಯರನ್ನು ಸೇರಿಸಿದವರು ಅವರೇ, ಅತ್ತೆಯ ಜೀವದ ಗೆಳತಿ, ಹೋದ ವರ್ಷ ತೀರಿಕೊಂಡರು. ಬಲತುದಿಯಲ್ಲಿ ಅಧ್ಯಕ್ಷೆ ನಾರಾಯಣಮ್ಮ. "ಗಂಗೂ ಚೆನ್ನಾಗ್ ಕಾಣ್ಬೇಕು, ಅಷ್ಟು ನೋಡ್ಕೊಳಿ ಅಳಿಯಂದ್ರೇ" ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ಅವರ ದನಿ ಸ್ವಲ್ಪ ತಗ್ಗಿತ್ತು. ನನಗೂ ಮನಸ್ಸು ತುಂಬಿಬಂತು. "ನೀವು ಚಿಂತೆ ಬಿಡಿ ಅತ್ತೆ" ಎಂದೆ. ಆಮೇಲೆ ಆದದ್ದನ್ನು ನೋಡಿದರೆ, ಚಿಂತೆ ಬಿಡಿ ಎಂದು ನಾನು ಯಾರಿಗೂ ಹೇಳಬಾರದಿತ್ತು.

ಇಂಥ ಮಿಷನ್ನಿನೊಳಗೆ ಅಂಗೈಯಗಲದ ಒಂದು ಕಂಪ್ಯೂಟರ್ ಇರುತ್ತದೆ. ಕರೆಂಟು ಬಂದ ತಕ್ಷಣ ಅದರಲ್ಲಿ ಎಲ್ಲರಿಗಿಂತ ಮೊದಲು ಏಳುವ ಒಂದು ಸಣ್ಣ ಪ್ರೋಗ್ರಾಂ ಉಂಟು, ಹೆಸರು ಬೂಟ್‌ಲೋಡರ್. ಮನೆಯಲ್ಲಿ ಮೊದಲು ಎದ್ದವರು ದೀಪ ಹಾಕಿ ಮಿಕ್ಕವರನ್ನು ಎಬ್ಬಿಸುವಂತೆ, ಅದು ತಾನೆದ್ದು ಮಿಕ್ಕ ಪ್ರೋಗ್ರಾಂಗಳನ್ನು ಎಬ್ಬಿಸುತ್ತದೆ. ಆ ನಡುವೆ ಫೋಟೋ ತೋರಿಸು ಎಂದರೆ ತೋರಿಸುತ್ತದೆ. ಫೋಟೋವನ್ನು ಮೆಮೊರಿಯಲ್ಲಿ ಯಾವ ಜಾಗದಲ್ಲಿ ಇಳಿಸಬೇಕು ಎಂದು ಒಂದು ವಿಳಾಸ ಕೊಡಬೇಕು, ಅಷ್ಟೆ. ಮೂರು ವರ್ಷದ ಹಿಂದೆ ಬೇರೊಂದು ಕೆಲಸಕ್ಕೆ ಇದನ್ನೇ ಮಾಡಿದ್ದೆ. ನನ್ನ ನೀಲಿ ನೋಟ್‌ಬುಕ್ಕಿನಿಂದ ಆ ವಿಳಾಸವನ್ನು ಹಾಗೇ ಎತ್ತಿ ಬರೆದೆ. ಸ್ವಿಚ್ ಹಾಕಿದೆ. "ಬೀಪ್" ಎಂದಿತು, ಹನ್ನೊಂದು ಜನ ಹೆಂಗಸರು ಸ್ಕ್ರೀನಿನ ಮೇಲೆ ಬಂದು ನಿಂತರು. ಒಂದು ವಾರ ಅಂಗಡಿಗೆ ಬಂದವರಿಗೆಲ್ಲ ಟೀ ಕೊಟ್ಟು ಕೂರಿಸಿ ತೋರಿಸಿದೆ. ಮಿಕ್ಸಿ ರಿಪೇರಿಗೆ ಬಂದವರು ಮಿಕ್ಸಿ ಮರೆತು ಹೋದರು.

ಮಿಷನ್ನನ್ನು ಊರಿಗೆ ಒಯ್ಯುವ ಹಿಂದಿನ ಸಂಜೆ ಎಲ್ಲವನ್ನೂ ಕೊನೆಯ ಸಲ ಓದಿ ನೋಡಿದೆ. ಆಗ ಕಣ್ಣಿಗೆ ಬಿತ್ತು. ನಾನು ಬರೆದ ವಿಳಾಸಗಳೆಲ್ಲ ಸೊನ್ನೆ ಸೊನ್ನೆ ಎಂದು ದುಂಡಗೆ ಮುಗಿಯುತ್ತಿದ್ದವು. ಫೋಟೋದ ವಿಳಾಸ ಮಾತ್ರ ಎರಡು ಎಂದು ಮುಗಿಯುತ್ತಿತ್ತು. ಸಾಲಾಗಿ ನಿಂತ ಸ್ಕ್ರೂಗಳ ನಡುವೆ ಒಂದು ಮೊಳೆ! ಇದು ಯಾಕೆ ಎರಡು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೈತಪ್ಪಿ ಆಗಿರಬೇಕು ಎಂದು ತೀರ್ಮಾನಿಸಿ, ಸದರಿ ಎರಡನ್ನು ಅಳಿಸಿ, ಸೊನ್ನೆ ಹಾಕಿದೆ. ಹಾಕಿ ಎರಡು ನಿಮಿಷ ಅದರ ಚೆಂದ ನೋಡುತ್ತಾ ಕುಳಿತೆ.

"ಬದಲಾಯಿಸಿದ ಮೇಲೆ ಒಂದ್ಸಲ ಸ್ವಿಚ್ ಹಾಕಿ ನೋಡಿ" ಎಂದಳು ಸರೋಜ.

"ಸೊನ್ನೆ ಕಣೇ ಅದು. ಸೊನ್ನೆಯನ್ನ ಏನು ಪರೀಕ್ಷೆ ಮಾಡೋದು?" ಎಂದೆ.

ಅಷ್ಟಕ್ಕೆ ನಿಲ್ಲಲಿಲ್ಲ ನನ್ನ ಆತ್ಮವಿಶ್ವಾಸ. ಅದೇ ಸಂಜೆ ಹಾಲು ಅಳೆದು ಮುಗಿದ ಮೇಲೆ ಊರಿಗೆ ಹೋಗಿ ಹಳೆಯ ಮಿಷನ್ನನ್ನು ಬಿಚ್ಚಿಸಿ, ಆಟೋದಲ್ಲಿ ಹಾಕಿಸಿ ನಮ್ಮ ಅಂಗಡಿಗೆ ತಂದುಬಿಟ್ಟೆ. "ಒಂದೆರಡು ದಿನ ಇರ್ಲಿ ಬಿಡಿ ಅಳಿಯಂದ್ರೇ" ಎಂದರು ಅತ್ತೆ. ಹಳೆಯದು ಇದ್ದರೆ ಹೊಸದಕ್ಕೆ ಮರ್ಯಾದೆ ಇರುವುದಿಲ್ಲ ಎಂದು ನಾನು ಅವರಿಗೆ ತಿಳಿಹೇಳಿದೆ.

ಬೆಳಿಗ್ಗೆ ಆರಕ್ಕೆ ಸಂಘದ ಮುಂದೆ ಜನ ನೆರೆದಿದ್ದರು. ದಿನ ಹಾಲು ಹಾಕುವವರಲ್ಲದೆ ಫೋಟೋದಲ್ಲಿದ್ದವರ ಮಕ್ಕಳು, ಸೊಸೆಯರು ಎಲ್ಲ ಬಂದಿದ್ದರು. ನಾರಾಯಣಮ್ಮ ರೇಷ್ಮೆ ಸೀರೆ ಉಟ್ಟು ಹಾಲಿನ ಕ್ಯಾನು ಹಿಡಿದು ನಿಂತಿದ್ದರು. ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಕನಕಾಂಬರದ ದಂಡೆ ಸುತ್ತಿ ಆಗಿತ್ತು. ಏಳೂವರೆಗೆ ಬಂಗಾರಪೇಟೆಗೆ ಹೋಗುವ ಹಾಲಿನ ವ್ಯಾನು ಬರುತ್ತದೆ. ಅಷ್ಟರಲ್ಲಿ ಅಳೆದ ಹಾಲು ಮಾತ್ರ ವ್ಯಾನು ಹತ್ತುತ್ತದೆ, ಅಳೆಯದ ಹಾಲು ಮನೆಗೆ ವಾಪಸ್ಸು.

"ಅಳಿಯಂದ್ರೇ, ಕಾಫಿ ಆಯ್ತಾ?" ಎಂದು ಅತ್ತೆ ಹಬ್ಬದ ದನಿಯಲ್ಲಿ ಕೇಳಿದರು.

"ಮೊದಲು ಕೆಲಸ" ಎಂದು ಗಂಭೀರವಾಗಿ ಹೇಳಿ ಸ್ವಿಚ್ ಹಾಕಿದೆ.

ಬೀಪ್ ಎಂದಿತು. ಸ್ಕ್ರೀನು ಬೆಳಗಿತು. ಎಲ್ಲರೂ ಕೈ ಮುಗಿದರು. ಸ್ಕ್ರೀನು ಕಪ್ಪಾಯಿತು. ಬೀಪ್. ಬೆಳಗಿತು. ಇನ್ನೊಂದು ಸಲ ಕೈ ಮುಗಿದರು. ಕಪ್ಪಾಯಿತು. ಬೀಪ್. ಐದನೆಯ ಸಲಕ್ಕೆ ವಯಸ್ಸಾದವರಿಗೆ ಕೈ ನೋವು ಬಂದು ಮುಗಿದ ಕೈ ಕೆಳಗಿಳಿಸಿದರು.

ಮೊದಲು ಕರೆಂಟನ್ನು ದೂರಿದೆ. ಊರಿನ ಕರೆಂಟು ಕುಣಿಯುತ್ತದೆ ಎಂದು ಪಕ್ಕದ ಮನೆಯಿಂದ ವೈರು ಎಳೆಸಿದೆ. ಅಲ್ಲೂ ಅದೇ ಬೀಪು. ಪಕ್ಕದ ಮನೆಯ ಫ್ಯಾನು ನಿಂತುಹೋದದ್ದು ಮಾತ್ರ ಲಾಭ. ಕೊನೆಗೆ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ನೋಡಿದೆ. ಮಿಷನ್ನು ಏಳುವುದು, ಫೋಟೋ ತೋರಿಸಲು ಹೋಗುವುದು, "ಡೇಟಾ ಅಬಾರ್ಟ್" ಎಂದು ಎರಡು ಪದ ಕಕ್ಕಿ ಸತ್ತು ಮತ್ತೆ ಹುಟ್ಟುವುದು, ಇದೇ ಅದರ ಸಂಸಾರವಾಗಿತ್ತು.

"ಏನಂತಾ ಐತೆ ಅದು, ಏನಪ್ಪಾ?" ಎಂದರು ಅತ್ತೆ. ಗಮನಿಸಿ, 'ಅಳಿಯಂದ್ರೇ' ಆರೂ ಇಪ್ಪತ್ತಕ್ಕೆ 'ಏನಪ್ಪಾ' ಆಗಿತ್ತು.

"ಫೋಟೋ ತಡ್ಕೊಳ್ಳೋಕಾಗ್ತಿಲ್ಲ ಅಂತಿದೆ ಅತ್ತೆ."

ಈ ಮಾತನ್ನು ನಾನು ಇನ್ನೂ ಸ್ವಲ್ಪ ಯೋಚಿಸಿ ಆಡಬಹುದಿತ್ತು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ನಾರಾಯಣಮ್ಮ ಕ್ಯಾನು ಕೆಳಗಿಟ್ಟರು.

"ಯಾರ್ನ ತಡ್ಕಣಕ್ಕಾಗಲ್ವಂತೆ? ಏಳಯ್ಯ, ಯಾರ್ನ ಅಂತ ಏಳು."

ಹಾಗಲ್ಲ, ಫೋಟೋ ತುಂಬಾ ದೊಡ್ಡದಾಗಿದೆ, ತುದಿಯಲ್ಲಿ ಸ್ವಲ್ಪ ಕತ್ತರಿಸಿದರೆ ಹಗುರಾಗುತ್ತದೆ ಎಂದು ವಿವರಿಸಿದೆ. ವಿವರಿಸುತ್ತಲೇ ಕತ್ತರಿಸಿಯೂ ಬಿಟ್ಟೆ. ಬಲತುದಿಯಲ್ಲಿ ನಾರಾಯಣಮ್ಮ ಹೋದರು. ಎಡತುದಿಯಲ್ಲಿ ಗಂಗಮ್ಮ ಹೋದರು. ಉಳಿದ ಒಂಬತ್ತು ಜನರನ್ನು ಮಿಷನ್ನಿಗೆ ಹಾಕಿದೆ. ಬೀಪ್ ಎಂದಿತು. ಕಪ್ಪಾಯಿತು. ಅಷ್ಟರಲ್ಲಿ ನಾರಾಯಣಮ್ಮ ನನ್ನ ಭುಜದ ಮೇಲಿಂದ ಬಗ್ಗಿ ಲ್ಯಾಪ್‌ಟಾಪನ್ನು ನೋಡಿಯಾಗಿತ್ತು.

"ಓ, ನಾನೇ ಭಾರವಾದ್ನಾ? ಅದ್ನಾರು ವರ್ಷ ಅಧ್ಯಕ್ಷೆಯಾಗಿ ಸಂಘ ನಡ್ಸಿದ್ದಕ್ಕೆ ಇವತ್ತು ನಾನು ಭಾರ. ನೋಡ್ದೇನಮ್ಮಾ ಮುನಿಯಮ್ಮ, ನಿನ್ನಳಿಯನ್ನ?"

ಅತ್ತೆ ಲ್ಯಾಪ್‌ಟಾಪಿನ ಎಡತುದಿಯನ್ನೇ ನೋಡುತ್ತಿದ್ದರು. ಅಲ್ಲಿ ಗಂಗಮ್ಮನ ಮೊಣಕೈ ಮಾತ್ರ ಉಳಿದಿತ್ತು. "ಅವ್ಳು ಬದುಕಿದ್ದಾಗ್ಲೂ ಒಂದಿನ ಮುಂದ್ಗಡೆ ನಿಂತೋಳಲ್ಲ" ಎಂದು ಮೆಲ್ಲಗೆ ಹೇಳಿ ಸೆರಗು ಸರಿಮಾಡಿಕೊಂಡು ಆಚೆ ತಿರುಗಿದರು. ಫೋಟೋನೇ ಬೇಡ, ಬರೀ ಅಳತೆ ಮಾಡಲಿ, ಅದನ್ನು ತೆಗೆದುಬಿಡುತ್ತೇನೆ, ಐದು ನಿಮಿಷದ ಕೆಲಸ ಎಂದೆ.

"ಫೋಟೋ ಇಲ್ದೆ ಅಂದ್ರೆ ಕಂಪನಿ ಮಿಷನ್ನೇ ತರಬೋದಿತ್ತಲ್ಲಯ್ಯಾ" ಎಂದರು ಅತ್ತೆ, ಅತ್ತ ತಿರುಗಿಕೊಂಡೇ. "ಇಷ್ಟು ಜನದ ಮುಂದೆ ಮಾತು ಕೊಟ್ಟೋಳು ನಾನು. ನಾಳೆ ಇವ್ರ ಮುಖ ನಾನೆಂಗೆ ನೋಡ್ಲಿ?"

ಆರೂ ಮುಕ್ಕಾಲು. 'ಏನಪ್ಪಾ' ಈಗ 'ಅಯ್ಯಾ' ಆಗಿತ್ತು. ಇದಕ್ಕಿಂತ ಕೆಳಗೆ ಇಳಿದರೆ ಇನ್ನೇನಿದೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನೂ ಚಿಕ್ಕ ಫೋಟೋ ಹಾಕಿ ಪರೀಕ್ಷಿಸೋಣ ಎಂದು ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಚಿಕ್ಕದೆಂದರೆ ಲೈಸೆನ್ಸಿಗೆಂದು ತೆಗೆಸಿದ್ದ ನನ್ನದೇ ಪಾಸ್‌ಪೋರ್ಟ್ ಅಳತೆಯ ಫೋಟೋ. ಅದನ್ನು ಹಾಕಿದೆ. ಅದಕ್ಕೂ ಬೀಪ್ ಎಂದು ಸತ್ತಿತು. ಅಂದರೆ ಭಾರದ ಪ್ರಶ್ನೆಯಲ್ಲ. ನಾರಾಯಣಮ್ಮ ನಿರ್ದೋಷಿ ಎಂದು ಸಾಬೀತಾಯಿತು. ಅದನ್ನು ಅವರಿಗೆ ಹೇಳಲು ಹೋದೆ, ಅವರು ನನ್ನ ಕಡೆ ನೋಡಲಿಲ್ಲ.

ಏಳು ಗಂಟೆ. ಕ್ಯಾನುಗಳ ಸಾಲು ಸಂಘದ ಬಾಗಿಲಿಂದ ಅರಳಿಕಟ್ಟೆ ದಾಟಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕುಳಿತಿದ್ದೆ. ಅಷ್ಟರಲ್ಲಿ ಬಸ್ ಸ್ಟಾಪಿನ ಟೀ ಅಂಗಡಿಯವನು ದಿನದ ಒಂದು ಲೀಟರ್ ಹಾಲಿಗೆ ಬಂದ. ಅತ್ತೆ ತಮ್ಮ ಮನೆಯ ಹಾಲಿನಿಂದಲೇ ಲೀಟರ್ ಅಳತೆಯ ಡಬ್ಬಿಯಲ್ಲಿ ಕಂಠಮಟ್ಟ ಅಳೆದು ಅವನ ಪಾತ್ರೆಗೆ ಹಾಕಿದರು. ಹಾಕಿ, ಮತ್ತೆ ಡಬ್ಬಿಯನ್ನು ಅದ್ದಿ, ಮೇಲೊಂದಿಷ್ಟು ಚುಳ್ ಎಂದು ಸುರಿದರು.

ಆ ಸಂಕಟದಲ್ಲೂ ನನ್ನ ಅಚ್ಚುಕಟ್ಟು ತಡೆದುಕೊಳ್ಳಲಿಲ್ಲ. "ಲೀಟರ್ ಸರಿಯಾಗಿ ಆಯ್ತಲ್ಲ ಅತ್ತೆ, ಮತ್ಯಾಕೆ ಸುರೀತೀರಾ?" ಎಂದೆ.

ಅತ್ತೆ ನನ್ನನ್ನು ಒಂದು ತರಾ ನೋಡಿದರು. "ಕೊಸರು ಕಣಯ್ಯಾ. ಗೊತ್ತಿಲ್ವಾ? ಅಳತೆ ಅಲ್ಲಿಗಲ್ಲಿಗೇ ನಿಲ್ಲಿಸ್ಬಾರ್ದು. ಮೇಲೊಂದಿಷ್ಟು ಬಿದ್ರೇನೇ ಇಸ್ಕಣೋನು ತಕರಾರಿಲ್ದೆ ಓಗೋದು."

ಅಲ್ಲಿಗಲ್ಲಿಗೇ ನಿಲ್ಲಿಸಬಾರದು. ಮೇಲೊಂದಿಷ್ಟು. ನನ್ನ ಕಣ್ಣ ಮುಂದೆ ಹಿಂದಿನ ಸಂಜೆ ಅಳಿಸಿದ ಆ ಎರಡು ಬಂದು ನಿಂತಿತು. ತಕ್ಷಣ ಸರೋಜಳಿಗೆ ಫೋನು ಮಾಡಿದೆ. ನೀಲಿ ನೋಟ್‌ಬುಕ್ಕು ತೆಗೆ, ಫೋಟೋ ತೋರಿಸೋದು ಅಂತ ಬರೆದಿರೋ ಪುಟ ನೋಡು, ಅದರ ಹಿಂದಿನ ಮಗ್ಗುಲಲ್ಲಿ ಏನಾದರೂ ಇದೆಯಾ ಎಂದೆ.

ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ ಸರೋಜ ನಿಧಾನವಾಗಿ, ಒಂದೊಂದೇ ಪದ ಸವಿಯುತ್ತಾ ಓದಿದಳು. "'ವಿಳಾಸದ ಕೊನೆಯಲ್ಲಿ ಎರಡು ಇರಲೇಬೇಕು. ಚೆಂದ ಕಾಣಲ್ಲ ಅಂತ ತೆಗೆಯಬೇಡ.' ನಿಮ್ಮದೇ ಅಕ್ಷರ ರೀ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀರಾ. ಸ್ಕೇಲ್ ಇಟ್ಟು."

ಮೂರು ವರ್ಷದ ಹಿಂದೆ ನಾನು ನನ್ನನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೆ ಎಂದು ತಿಳಿದು ನಾಚಿಕೆಯಾಯಿತು.

ಈಗ ಎಲ್ಲ ನೆನಪಾಯಿತು. ವಿಷಯ ಇಷ್ಟೇ. ಈ ಪುಟ್ಟ ಪ್ರೊಸೆಸರ್ ಸಂಖ್ಯೆಗಳನ್ನು ನಾಲ್ಕು ನಾಲ್ಕು ಬೈಟುಗಳ ಕುಟುಂಬವಾಗಿ ಓದುತ್ತದೆ. ಮೆಮೊರಿ ಎಂಬುದು ಮದುವೆಮನೆಯ ಊಟದ ಹಾಲ್ ಎಂದಿಟ್ಟುಕೊಳ್ಳಿ, ಒಂದೊಂದು ಮೇಜಿಗೆ ನಾಲ್ಕು ಕುರ್ಚಿ, ಒಂದೊಂದು ಬೈಟಿಗೆ ಒಂದೊಂದು ಕುರ್ಚಿ. ನಾಲ್ಕು ಜನರ ಕುಟುಂಬ ಒಂದೇ ಮೇಜಿಗೆ ಕೂತರೆ ಪ್ರೊಸೆಸರ್ ಎಂಬ ಬೀಗರು ಸಂತೋಷವಾಗಿ ಮಾತಾಡಿಸುತ್ತಾರೆ. ಇಬ್ಬರು ಈ ಮೇಜು, ಇಬ್ಬರು ಆ ಮೇಜು ಎಂದಾದರೆ ಎಲೆ ಬಿಟ್ಟು ಎದ್ದು ಹೋಗುತ್ತಾರೆ. ದೊಡ್ಡ ಕಂಪ್ಯೂಟರುಗಳು ಹೇಗೋ ಸುಧಾರಿಸಿಕೊಳ್ಳುತ್ತವೆ, ಇದು ಸಣ್ಣದು, ಇದಕ್ಕೆ ಮುನಿಸು ಜಾಸ್ತಿ. ನಾನು ಬಳಸಿದ್ದು ಬಿಎಂಪಿ ಎಂಬ ಬಗೆಯ ಫೋಟೋ. ಅದರ ತಲೆಯಲ್ಲಿ ಬಿ, ಎಂ ಎಂದು ಎರಡೇ ಎರಡು ಅಕ್ಷರ ಇರುತ್ತವೆ. ಫೋಟೋ ಎಷ್ಟು ಅಗಲ, ಎಷ್ಟು ಎತ್ತರ ಎಂಬ ನಾಲ್ಕು ನಾಲ್ಕರ ಕುಟುಂಬಗಳೆಲ್ಲ ಅವುಗಳ ಹಿಂದೆ ಬರುತ್ತವೆ. ಸೊನ್ನೆಯ ವಿಳಾಸದಲ್ಲಿ ಇಳಿಸಿದರೆ ಆ ಇಬ್ಬರು ಹೊಸ ಮೇಜಿನ ಮೊದಲೆರಡು ಕುರ್ಚಿ ಹಿಡಿದು, ಹಿಂದಿನ ಎಲ್ಲ ಕುಟುಂಬಗಳೂ ಒಡೆದುಹೋಗುತ್ತವೆ. ಎರಡು ಬೈಟು ಮುಂದೆ ಇಳಿಸಿದರೆ ಆ ಇಬ್ಬರು ಮೇಜಿನ ಕೊನೆಯೆರಡು ಕುರ್ಚಿಯಲ್ಲಿ ಕೂತು ಅದನ್ನು ತುಂಬಿಸುತ್ತಾರೆ. ಹಿಂದೆ ಬಂದವರೆಲ್ಲ ತಂತಮ್ಮ ಮೇಜಿಗೆ ಸರಿಯಾಗಿ ಕೂರುತ್ತಾರೆ. ಆ ಎರಡು ಕೈತಪ್ಪಲ್ಲ, ಕೊಸರು. ನಾನು ಕೊಸರು ಉಳಿಸಲು ಹೋಗಿ ಇಡೀ ಸಂಘದ ಹಾಲು ಚೆಲ್ಲಲು ಕೂತಿದ್ದೆ.

ಏಳೂವರೆ. ಹೊರಗೆ ವ್ಯಾನಿನ ಹಾರ್ನು ಕೇಳಿತು. ಡ್ರೈವರ್ ಕೋರಮಂಡಲ್ ಕಡೆಯ ತಮಿಳಿನವನು. ತಲೆ ಒಳಗೆ ಹಾಕಿ, "ಅಣ್ಣಾ, ಇನ್ನಾ ಆಗಿಲ್ವಾ? ಪತ್ತು ನಿಮಿಷ ನಿಲ್ತೀನಿ, ಅವ್ಳೋದಾನ್" ಎಂದ. ಹತ್ತು ನಿಮಿಷ, ಅಷ್ಟೇ.

ಸೊನ್ನೆ ಅಳಿಸಿದೆ. ಎರಡು ಹಾಕಿದೆ. ಯಾವ ಅಂಕಿಯನ್ನೂ ಜೀವನದಲ್ಲಿ ಇಷ್ಟು ಭಕ್ತಿಯಿಂದ ಒತ್ತಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಎದ್ದು ನಿಂತು, "ಎಲ್ಲರೂ ಇತ್ತ ನೋಡಿ" ಎಂದು ಗಟ್ಟಿಯಾಗಿ ಹೇಳಿದೆ. ಕ್ಯಾನು ಹಿಡಿದವರೆಲ್ಲ ಹತ್ತಿರ ಬಂದರು. ಮುಂದೆ ನಿಂತ ವಯಸ್ಸಾದವರು ಮತ್ತೆ ಕೈ ಜೋಡಿಸಿದರು. ಅತ್ತೆಯೂ ತಿರುಗಿದರು. ಸ್ವಿಚ್ ಹಾಕಿದೆ.

ಬೀಪ್ ಎಂದಿತು. ಸ್ಕ್ರೀನು ಬೆಳಗಿತು. ಕಪ್ಪಾಗಲಿಲ್ಲ. ಫೋಟೋ ಬಂತು.

ನನ್ನದು.

ಪರೀಕ್ಷೆಗೆಂದು ಹಾಕಿದ್ದನ್ನು ತೆಗೆಯಲು ಮರೆತಿದ್ದೆ. ಕನಕಾಂಬರದ ದಂಡೆಯ ನಡುವೆ, ಅರಿಶಿನ ಕುಂಕುಮದ ಕೆಳಗೆ, ಕಣ್ಣು ಅರೆ ಮುಚ್ಚಿ, ಸಾಲ ಕೇಳಲು ಬಂದವನ ಮುಖ ಮಾಡಿಕೊಂಡು ನಾನು ಇಡೀ ಊರನ್ನು ನೋಡುತ್ತಿದ್ದೆ. ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಮುಗಿದ ಕೈ ಹಾಗೇ ಇಟ್ಟುಕೊಂಡು ಪಕ್ಕದವರನ್ನು ಕೇಳಿದರು.

"ಪಾಪ, ಇದ್ಯಾರಮ್ಮಾ? ಯಾವಾಗ ತೀರ್ಕಂಡ್ರು?"

"ನಮ್ಮಳಿಯ" ಎಂದರು ಅತ್ತೆ. "ಇನ್ನೂ ಬದುಕವ್ನೆ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮುಖ ಆಮೇಲೆ ನೋಡನ, ಮೊದ್ಲು ಆಲು ಆಕ್ರಮ್ಮಾ. ವ್ಯಾನು ಓಗ್ತೈತೆ."

'ಅಯ್ಯಾ'ಗಿಂತ ಕೆಳಗೆ ಏಕವಚನದ 'ಅವ್ನೆ' ಇದೆ ಎಂದು ನನಗೆ ತಿಳಿದದ್ದು ಆಗ.

ಮಿಷನ್ನು ಮಾತ್ರ ಚೆನ್ನಾಗಿಯೇ ಅಳೆಯಿತು. ಡ್ರೈವರ್ ಹತ್ತು ನಿಮಿಷ ಎಂದವನು ಅರ್ಧ ಗಂಟೆ ನಿಂತ. ನನ್ನ ಫೋಟೋ ನೋಡಿ ಅವನು ಎಷ್ಟು ನಕ್ಕನೆಂದರೆ ಗಡಿಯಾರ ನೋಡುವುದನ್ನೇ ಮರೆತಿದ್ದ. ಒಂದು ಕ್ಯಾನೂ ವಾಪಸ್ಸು ಹೋಗಲಿಲ್ಲ. ನಾರಾಯಣಮ್ಮನ ಹಾಲಿಗೆ ಮಾತ್ರ ಫ್ಯಾಟು ಎಂದಿಗಿಂತ ಕಮ್ಮಿ ಬಂತು. ಅವರು ಸ್ಕ್ರೀನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇನ್ನೇನು ಬತ್ತದೆ? ಬೆಳಗ್ಗೆ ಬೆಳಗ್ಗೆ ಇಂಥಾ ಮುಖ ನೋಡಿದ್ಮೇಲೆ" ಎಂದು ಕ್ಯಾನು ಎತ್ತಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಕುಳಿತು ಹನ್ನೊಂದೂ ಜನರಿರುವ ಫೋಟೋವನ್ನು ಮತ್ತೆ ಹಾಕಿದೆ. ಈ ಸಲ ಏಳು ಸಲ ಸ್ವಿಚ್ ಹಾಕಿ ತೆಗೆದು ನೋಡಿದೆ. ಸಂಜೆಯ ಹಾಲಿಗೆ ಅತ್ತೆಯೇ ಸ್ವಿಚ್ ಹಾಕಿದರು. ಹನ್ನೊಂದು ಜನರೂ ಬಂದು ನಿಂತರು. ಅತ್ತೆ ಸೆರಗಿನ ತುದಿಯಿಂದ ಸ್ಕ್ರೀನಿನ ಎಡಮೂಲೆಯನ್ನು ಒರೆಸಿದರು. ಅಲ್ಲಿ ಧೂಳೇನೂ ಇರಲಿಲ್ಲ. "ಬಂದ್ಯೇನೇ ಗಂಗೂ" ಎಂದರು. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, "ನನ್ ಮಾತು ಉಳೀತು. ಕಾಫಿ ಕುಡಿದೇ ಓಗ್ಬೇಕು ಅಳಿಯಂದ್ರೇ" ಎಂದರು. ಆ 'ಅಳಿಯಂದ್ರೇ' ಕೇಳಿ ಎರಡು ಲೋಟ ಕಾಫಿ ಕುಡಿದೆ.

ಇವತ್ತಿಗೂ ಆ ಸಂಘದಲ್ಲಿ ಯಾರಿಗಾದರೂ ಫ್ಯಾಟು ಕಮ್ಮಿ ಬಂದರೆ "ಅಳಿಯನ ಫೋಟೋ ಏನಾರ ಒಳಗೆ ಉಳ್ಕಂಡೈತೇನೋ ನೋಡಿ" ಎನ್ನುತ್ತಾರಂತೆ. ನೀರು ಬೆರೆಸಿದವರೂ ಹಾಗೇ ಅನ್ನುತ್ತಾರಂತೆ.

ಅವತ್ತು ಮನೆಗೆ ಬಂದಾಗ ಸರೋಜ ತಟ್ಟೆ ಹಾಕಿ ಕಾಯುತ್ತಿದ್ದಳು. ಏನೂ ಕೇಳಲಿಲ್ಲ. ಅವರಮ್ಮ ಫೋನಿನಲ್ಲಿ ಎಲ್ಲ ಹೇಳಿಯಾಗಿತ್ತು. ನಾನು ಕೂತು ತಲೆ ಎತ್ತಿದೆ. ಎದುರು ಗೋಡೆಯ ಕ್ಯಾಲೆಂಡರ್ ಓರೆಯಾಗಿತ್ತು. ಸರಿಯಾಗಿ ಎರಡು ಬೆರಳಷ್ಟು. ನನ್ನ ಕೈ ತಾನಾಗಿ ಮೇಲೆದ್ದಿತು.

"ಮುಟ್ಟಬೇಡಿ" ಎಂದಳು ಸರೋಜ, ಹುಳಿ ಬಡಿಸುತ್ತಾ. "ಅದು ಕೊಸರು."

ಕೈ ಇಳಿಸಿದೆ. ಮನುಷ್ಯ ಪಾಠ ಕಲಿಯಬೇಕು, ನಾನು ಕಲಿತಿದ್ದೇನೆ. ಊಟ ಮಾತ್ರ ಸೇರಲಿಲ್ಲ.